ಕಳವಾಗದ ಮನೆ

೧೯೯೭ರ ಜನವರಿ ೨೫, ಶನಿವಾರ. ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸಾನ್ ಇಸಾಯಿಯಾಸ್ ಠಾಣೆಗೆ ಒಂದು ದೂರು ಬಂತು. ದೂರುದಾರರು ಹಿಲ್ಕಾ ಡೈಕ್‌ಸ್ಟ್ರಾ, ವಯಸ್ಸು ಅರವತ್ತೊಂದು, ಹುಟ್ಟಿದ ದೇಶ ಹಾಲೆಂಡ್, ವೃತ್ತಿ ಉಣ್ಣೆ ನೇಯ್ಗೆ, ವಾಸ ಕಲ್ಲುಸೇತುವೆ ಬೀದಿಯ ಏಳನೇ ಮನೆ. ಕಳವಾದ ಮಾಲು: ಕ್ರಿಸ್‌ಮಸ್ಸಿಗೆ ಕಟ್ಟುವ ಗೋದಲಿಯಲ್ಲಿ ಮಲಗಿಸಿದ್ದ ಬಾಲಯೇಸುವಿನ ಮರದ ಮೂರ್ತಿ, ಒಂದು, ಉದ್ದ ಒಂದು ಗೇಣು.

ಇನ್ಸ್‌ಪೆಕ್ಟರ್ ಬೆನಿಗ್ನೋ ಅಲ್ಬೊರ್ನೋಸ್ ಅದನ್ನು ಓದಿ ಜೋರಾಗಿ ನಕ್ಕುಬಿಟ್ಟರು. ವೆನೆಜುವೆಲಾದ ಈ ಬೆಟ್ಟದ ಸೀಮೆಯಲ್ಲಿ ಜನವರಿ ತಿಂಗಳು ಬಾಲಯೇಸು ಕಳವಾದರೆ ಯಾರೂ ಪೊಲೀಸರ ಹತ್ತಿರ ಬರುವುದಿಲ್ಲ. ಹೊಸ ವರ್ಷ ಕಳೆದ ಮೇಲೂ ಯಾರ ಗೋದಲಿಯಲ್ಲಿ ಮಗು ಮಲಗಿಯೇ ಇರುತ್ತದೋ ಅವರ ಮನೆಗೆ ನೆರೆಯವರು ನುಗ್ಗಿ ಅದನ್ನು ಹೊತ್ತೊಯ್ಯುವುದು ಊರಿನ ಪದ್ಧತಿ. ಕಳೆದುಕೊಂಡವರು ಪಿಟೀಲು ಬಾರಿಸಿಕೊಂಡು, ಪಟಾಕಿ ಹೊಡೆದುಕೊಂಡು ಮೆರವಣಿಗೆಯಲ್ಲಿ ಕಳ್ಳನ ಮನೆಗೆ ಹೋಗಬೇಕು. ಅಲ್ಲಿ ಕಳ್ಳ ಎಲ್ಲರಿಗೂ ಉಪಚಾರ ಮಾಡುತ್ತಾನೆ. ಮಗುವನ್ನು ಬಿಡಿಸಿ ತಂದು, ಗೋದಲಿಯಲ್ಲಿ ಎತ್ತಿ ನಿಲ್ಲಿಸಿ, ಬೀದಿಗೆಲ್ಲ ಮೊಟ್ಟೆಯ ಕೇಕು, ವೈನು ಹಂಚಬೇಕು. ಇದರಲ್ಲಿ ಅವಮಾನವೇನೂ ಇಲ್ಲ, ಮರ್ಯಾದೆಯೇ ಎಲ್ಲ. ತಮ್ಮವರು ಅನಿಸದವರ ಮನೆಗೆ ಊರಿನವರು ಕೈ ಹಾಕುವುದಿಲ್ಲ.

"ದೋನ್ಯಾ ಹಿಲ್ಕಾ, ಸಿಹಿ ಹಂಚೋದು ಬಿಟ್ಟು ದೂರು ಕೊಡೋಕೆ ಬಂದಿದೀರಲ್ಲ! ನಿಮ್ಮ ಮನೇಲಿ ಕದ್ದಿದಾರೆ ಅಂದ್ರೆ ನೀವು ನಮ್ಮೋರಾದ್ರಿ ಅಂತ."

"ನಗಬೇಡಿ ಇನ್ಸ್‌ಪೆಕ್ಟರೇ. ಪದ್ಧತಿ ನಂಗೂ ಗೊತ್ತು. ಈ ವರ್ಷ ಮೊದಲ ಸಲ ಗೋದಲಿ ಕಟ್ಟಿದೆ. ಕದೀಲಿ ಅಂತಲೇ ಮೂರು ವಾರ ಬಾಗಿಲಿಗೆ ಚಿಲಕ ಹಾಕ್ಲಿಲ್ಲ. ಏನೂ ಕೊಳ್ಳೋದಿಲ್ದೇ ಇದ್ರೂ ಮಾರ್ಕೆಟ್ಟಿಗೆ ಹೋಗಿ ಸುತ್ತಾಡಿ ಬರ್ತಿದ್ದೆ."

"ಮತ್ತಿನ್ನೇನು?"

"ಕಳವಾಗಿದ್ದು ಮಂಗಳವಾರ. ಇವತ್ತು ಶನಿವಾರ. ಚೀಟಿ ಎಲ್ಲಿ?"

ಬೆನಿಗ್ನೋ ನಗು ನಿಲ್ಲಿಸಿದರು. ಮೂರು ದಿನದೊಳಗೆ ಕಳ್ಳ ಎರಡು ಸಾಲಿನ ಪದ ಕಟ್ಟಿ, ಚೀಟಿಯಲ್ಲಿ ಬರೆದು, ಬಾಗಿಲ ಸಂದಿಯಿಂದ ಒಳಗೆ ತಳ್ಳಬೇಕು. ಮನೆಯವರು ಅದನ್ನು ಯಾರಿಗೂ ತೋರಿಸದೆ ಓದಿ ಜಾಡು ಹಿಡಿಯುತ್ತಾರೆ, ಮಗುವನ್ನು ನಿಲ್ಲಿಸುವ ದಿನ ಮೇಣದಬತ್ತಿಗೆ ಹಿಡಿದು ಸುಡುತ್ತಾರೆ. ಚೀಟಿ ತಪ್ಪಿಸಿದ ಕಳ್ಳನನ್ನು ಬೆನಿಗ್ನೋ ತಮ್ಮ ನಲವತ್ತೆಂಟು ವರ್ಷದಲ್ಲಿ ಕಂಡಿರಲಿಲ್ಲ.

"ಚೀಟಿ ವಿಷಯ ನಿಮಗೆ ಯಾರು ಹೇಳಿದ್ದು?"

"ನಿಮ್ಮಮ್ಮ. ಕಾಫಿ ಕುಡೀತಾ." ಹಿಲ್ಕಾ ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡರು. "ಚೀಟಿ ಬಂದಿಲ್ಲ ಅಂದ್ರೆ ಇದು ಮರ್ಯಾದೆ ಕಳ್ಳತನ ಅಲ್ಲ, ಬರೀ ಕಳ್ಳತನ. ಯಾರೋ ಮಾರ್ಕೊಳ್ಳೋಕೆ ಎತ್ಕೊಂಡು ಹೋಗಿದಾರೆ. ಇನ್ನೊಂದು ಮಾತು. ನನ್ನ ವಾಸದ ಪರವಾನಗಿಗೆ ನೀವು ನಡತೆ ಪತ್ರ ಬರೆದುಕೊಡಬೇಕಿತ್ತಲ್ಲ, ಅದು ಬೇಡ. ಮೂವತ್ತೊಂದಕ್ಕೆ ಅವಧಿ ಮುಗಿಯುತ್ತೆ. ತಂಗಿ ಮನೆಗೆ ಹೊರಟುಹೋಗ್ತೀನಿ."

"ಒಂದು ಮರದ ಗೊಂಬೆಗೋಸ್ಕರನಾ?"

"ಒಂಬತ್ತು ವರ್ಷಕ್ಕೋಸ್ಕರ."

ಮೂರು ವಾರ ಬೆಟ್ಟ ಸುತ್ತಿ ಹೋಗಲು ಬಂದವರು ಒಂಬತ್ತು ವರ್ಷದಿಂದ ಇಲ್ಲೇ ಇದ್ದರು. ಊರಿನ ಅರ್ಧ ಜನ ಹೊದೆಯುವುದು ಅವರು ನೇಯ್ದ ಕಂಬಳಿಯನ್ನೇ. ಬೆನಿಗ್ನೋರ ತಾಯಿಗಂತೂ ದಿನಾ ಮಧ್ಯಾಹ್ನ ಹಿಲ್ಕಾರ ಮಗ್ಗದ ಪಕ್ಕ ಕೂತು ಜಗಳವಾಡದಿದ್ದರೆ ಸಂಜೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ಈ ಹೆಂಗಸು ಹೊರಟುಹೋದರೆ ತಾಯಿ ತನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇವರಿಲ್ಲದ ಬೀದಿ ಅವರಿಗೇ ಬೇಡವಾಗಿತ್ತು.

"ಹೊವೀತಾ, ಎಫ್‌ಐಆರ್ ಬರ್ಕೊಳ್ಳಿ," ಎಂದರು. ಕಾನ್‌ಸ್ಟೆಬಲ್ ಹೊವೀತಾ ಸಂಖ್ಯೆ ೪/೯೭ ಎಂದು ನಮೂದಿಸಿ, ಕಳ್ಳತನ, ಹಗಲು, ವಾಸದ ಮನೆ ಎಂದು ಬರೆದಳು.

ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಸ್ಥಳ ಪಂಚನಾಮೆ. ಹಿಲ್ಕಾ ಗೋದಲಿಯ ಸುತ್ತ ಮೂರು ಕುರ್ಚಿ ಅಡ್ಡ ಇಟ್ಟು, ಮಂಗಳವಾರದಿಂದ ಯಾರೂ ಹತ್ತಿರ ಹೋಗದ ಹಾಗೆ ಕಾದಿದ್ದರು. ಅವರ ಹೇಳಿಕೆ ಹೀಗಿತ್ತು: ಆ ದಿನ ಎಂಟು ಗಂಟೆಗೆ ಕೆಂಪು ನೆಲಕ್ಕೆ ಮೇಣ ತಿಕ್ಕಿದೆ, ಒಣಗಲಿ ಎಂದು ಬಿಟ್ಟು ಒಂಬತ್ತಕ್ಕೆ ಮಾರುಕಟ್ಟೆಗೆ ಹೋದೆ, ಹತ್ತೂವರೆಗೆ ಬಂದಾಗ ಹುಲ್ಲಿನ ತೊಟ್ಟಿಲು ಖಾಲಿ.

ಹೊವೀತಾ ಮಂಡಿಯೂರಿ ನೆಲದ ಮೇಲೆ ಟಾರ್ಚ್ ಅಡ್ಡವಾಗಿ ಬಿಟ್ಟಳು. ಮೇಣದಲ್ಲಿ ಹೆಜ್ಜೆ ಮೂಡಿದ್ದವು. ಹೋಗುವಾಗ ನಾಲ್ಕು, ಬರುವಾಗ ನಾಲ್ಕು.

"ಸಾಹೇಬ್ರೆ, ಇಲ್ಲಿ ನೋಡಿ. ಬೂಟಿನ ಹಿಮ್ಮಡಿ ಗುರುತಿಲ್ಲ, ಮೊಳೆ ಗುರುತಿಲ್ಲ. ಉಣ್ಣೆ ಹೆಣಿಗೆ ಕಾಣ್ತಿದೆ. ಕಳ್ಳ ಕಾಲುಚೀಲದಲ್ಲಿ ಬಂದಿದಾನೆ."

"ಸದ್ದಾಗದೇ ಇರ್ಲಿ ಅಂತಾನಾ?"

"ಮನೇಲಿ ಯಾರೂ ಇಲ್ದಾಗ ಯಾರಿಗೆ ಸದ್ದು?"

ಬೆನಿಗ್ನೋ ತಮ್ಮ ಕೆಸರು ಬೂಟನ್ನು ನೋಡಿಕೊಂಡರು. ಆ ಊರಿನಲ್ಲಿ ಬೂಟು ಕಳಚುವುದು ಮಲಗುವಾಗ, ಇಲ್ಲವೇ ಸತ್ತಾಗ. ಪಾದ್ರಿಗಳೂ ಹಾಗೆಯೇ ಒಳಗೆ ಬರುತ್ತಾರೆ. ಮೇಣ ಹಚ್ಚಿದ ನೆಲ ಕಂಡು ಬಾಗಿಲಲ್ಲೇ ಬೂಟು ಬಿಟ್ಟ ಕಳ್ಳ ಯಾರು?

ಇನ್ನೊಂದು ಸಂಗತಿಯನ್ನು ಹಿಲ್ಕಾ ಗೋದಲಿಯ ಮರದ ಕುರಿಯಲ್ಲಿ ತೋರಿಸಿದರು. "ಈ ಕುರಿಗೆ ಒಂದು ಕಾಲು ಗಿಡ್ಡ. ಯಾವಾಗ ನೋಡಿದ್ರೂ ಬಿದ್ದಿರ್ತಿತ್ತು. ಈಗ ನಿಂತಿದೆ." ಕುರಿಯ ಗಿಡ್ಡ ಕಾಲಿನಡಿ ಕಾಗದದಷ್ಟು ತೆಳುವಾದ ಒಂದು ಚೂರು ಬಿಳಿ ಮರ ಇತ್ತು. ಅಳತೆಗೆ ಸರಿಯಾಗಿ ಕೊಯ್ದದ್ದು. ಹೊವೀತಾ ಅದನ್ನು ಲಕೋಟೆಗೆ ಹಾಕಿ ಸೀಲು ಮಾಡಿದಳು. ಕದಿಯಲು ಬಂದು ಮನೆಯ ಕುರಿ ರಿಪೇರಿ ಮಾಡಿ ಹೋದ ಆಸಾಮಿಯನ್ನು ಕುರಿತು ಪಂಚನಾಮೆಯಲ್ಲಿ ಏನು ಬರೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಗಂಟೆಗೆ ಎದುರು ಮನೆಯ ಚಮ್ಮಾರ ಕ್ರಿಸ್ಪುಲೋನ ವಿಚಾರಣೆ. ಅವನ ಅಂಗಡಿಯ ಕುರ್ಚಿಗೂ ಹಿಲ್ಕಾ ಅವರ ಬಾಗಿಲಿಗೂ ನಡುವೆ ಹನ್ನೆರಡು ಹೆಜ್ಜೆ.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಇಲ್ಲೇ. ಮೂವತ್ತು ವರ್ಷದಿಂದ ಇಲ್ಲೇ."

"ಯಾರು ಒಳಗೆ ಹೋದ್ರು?"

"ನಾನು ಯಾರನ್ನೂ ನೋಡ್ಲಿಲ್ಲ."

"ದೋನ್ ಕ್ರಿಸ್ಪುಲೋ, ಇದು ಎಫ್‌ಐಆರ್ ಆಗಿರೋ ಕೇಸು."

"ಆಗ್ಲಿ. ಮಗು ಕದ್ದೋರ ಹೆಸರು ಹೇಳಿದ್ರೆ ನಾಳೆಯಿಂದ ನನ್ನ ಹತ್ರ ಯಾರು ಅಟ್ಟೆ ಹಾಕಿಸ್ತಾರೆ? ನಿಮ್ಮಮ್ಮನೇ ಉಗೀತಾರೆ." ಅವನು ಮೊಳೆ ಬಾಯಲ್ಲಿಟ್ಟುಕೊಂಡು ಯೋಚಿಸಿದ. "ಮನುಷ್ಯರ ವಿಚಾರ ಹೇಳಬಾರದು, ಸರಿ. ಬೂಟಿನ ವಿಚಾರ ಹೇಳಬಹುದಲ್ವಾ?"

"ಹೇಳಿ."

"ಹೊಸ್ತಿಲ ಹತ್ರ ಒಂದು ಜೊತೆ ಬೂಟು ನಿಂತಿತ್ತು. ಸುಮಾರು ಐದು ನಿಮಿಷ. ಒಳ್ಳೆ ಬೂಟು. ಅಟ್ಟೆ ನನ್ನದೇ."

"ಯಾರ ಬೂಟು?"

"ಅಗೋ, ಅದು ಮತ್ತೆ ಮನುಷ್ಯರ ವಿಚಾರ ಆಯ್ತು."

ಅಷ್ಟಕ್ಕೇ ಅವನ ಹೇಳಿಕೆ ಮುಗಿಯಿತು.

ಜನವರಿ ೨೬, ಭಾನುವಾರ. ಪ್ರಾರ್ಥನೆ ಮುಗಿಸಿ ಬೆನಿಗ್ನೋ ತಾಯಿಯ ಮನೆಗೆ ಊಟಕ್ಕೆ ಹೋದರು. ದೋನ್ಯಾ ಎರ್ಸೀಲಿಯಾಗೆ ಎಪ್ಪತ್ತಮೂರು. ಮಂಗಳವಾರದಿಂದ ಅವರ ಮುಖ ಊದಿಕೊಂಡಿತ್ತು. ಹಾಲು, ಆಲೂಗಡ್ಡೆ, ಮೊಟ್ಟೆಯ ಸಾರನ್ನು ಮಗನ ಮುಂದೆ ಕುಕ್ಕಿದರು. ಈ ಬೆಟ್ಟದ ಸೀಮೆಯಲ್ಲಿ ತಾಯಿ ಮಗನನ್ನೂ ಬಹುವಚನದಲ್ಲೇ ಕರೆಯುತ್ತಾಳೆ, ಬೈಯುವಾಗಲೂ.

"ಐದು ದಿನ ಆಯ್ತು. ಏನು ಪೊಲೀಸರು ನೀವು? ಎಂಥ ದಡ್ಡರನ್ನ ಹೆತ್ತೆನೋ! ಹಿಲ್ಕಾ ಪೆಟ್ಟಿಗೆ ಕಟ್ತಾ ಕೂತಿದಾಳೆ."

"ಅಮ್ಮಾ, ನೀವು ಸಹಕರಿಸಿದ್ರೆ ಹಿಡೀತೀನಿ. ಕಳ್ಳ ಚೀಟಿ ಹಾಕಿಲ್ಲ. ಯಾಕೆ?"

"ಮರ್ಯಾದೆ ಗೊತ್ತಿಲ್ಲದೋನು."

"ಮರ್ಯಾದೆ ಗೊತ್ತಿದೆ. ಬೂಟು ಹೊರಗೆ ಬಿಟ್ಟು, ಕುರಿ ಕಾಲು ಸರಿ ಮಾಡಿ ಹೋಗಿದಾನೆ. ಚೀಟಿ ಒಂದೇ ಗೊತ್ತಿಲ್ಲ. ಚೀಟಿ ಇರುತ್ತೆ ಅನ್ನೋದು ಯಾರಿಗೆ ಗೊತ್ತಿರಲ್ಲ?"

"ಎಲ್ರಿಗೂ ಗೊತ್ತು. ಮನೆ ಕಳವಾದಾಗ ಬರುತ್ತಲ್ಲ."

"ಕಳವಾಗದೇ ಇದ್ರೆ?"

ತಾಯಿ ಸೌಟು ಹಿಡಿದುಕೊಂಡೇ ಎದುರಿಗೆ ಕೂತರು. ಇಬ್ಬರೂ ಬೀದಿ ಬೀದಿಯಾಗಿ ಎಣಿಸುತ್ತ ಹೋದರು. ಸೇತುವೆ ಬೀದಿಯಲ್ಲಿ ಎಲ್ಲ ಮನೆ ಕಳವಾಗಿದೆ. ಪೋರ್ಚುಗಲ್ಲಿನ ದಿನಸಿ ಅಂಗಡಿಯವನದು ಎರಡು ಸಲ. ಪಾದ್ರಿಗಳದು ಮೂರು ಸಲ, ಅವರು ಬೇಕೆಂದೇ ಮರೆಯುತ್ತಾರೆ ಎಂಬ ಮಾತಿದೆ.

"ನಮ್ಮ ಠಾಣೆಯಿಂದ್ಲೇ ಎಂಬತ್ತೊಂಬತ್ತರಲ್ಲಿ ಕದ್ದಿದ್ರು," ಎಂದರು ಬೆನಿಗ್ನೋ.

"ಕದ್ದಿದ್ದು ನಾನೇ. ಮುಂದೆ ಹೇಳಿ."

ಗಿರಣಿ ಬೀದಿಯ ಕೊನೆಗೆ ಬಂದಾಗ ತಾಯಿಯ ಬೆರಳು ನಿಂತಿತು.

"ದೋನ್ ಒತ್ಮಾರ್," ಎಂದರು ಮೆಲ್ಲಗೆ.

ಒತ್ಮಾರ್ ಗ್‌ಸ್ಟ್ರೈನ್, ಆಸ್ಟ್ರಿಯಾದವರು, ಪಿಟೀಲು ರಿಪೇರಿ ಕೆಲಸದವರು. ಊರಿಗೆ ಬಂದು ಇಪ್ಪತ್ತೆರಡು ವರ್ಷ. ಮಗುವನ್ನು ನಿಲ್ಲಿಸುವ ಮೆರವಣಿಗೆಯಲ್ಲಿ ಬಾರಿಸುವ ಒಂದೊಂದು ಪಿಟೀಲೂ ಅವರ ಕೈಯಲ್ಲಿ ಹಾದು ಬಂದದ್ದು. ಮಾತು ಕಡಿಮೆ, ಎಲ್ಲ ಮನೆಯ ಶಾಸ್ತ್ರಕ್ಕೂ ಬಂದು ಹಿಂದಿನ ಸಾಲಲ್ಲಿ ನಿಂತು ಹೋಗುತ್ತಿದ್ದರು.

"ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲವೂ ಇಲ್ವಾ? ಯಾಕೆ?"

"ಪಾಪ, ಒಂಟಿ ಮನುಷ್ಯ. ಪರದೇಶದೋರು. ಊರಿಗೆಲ್ಲ ಕೇಕು ಹಂಚೋ ತೊಂದರೆ ಯಾಕೆ ಕೊಡೋದು ಅಂತ... ಎಲ್ಲರೂ ಹಾಗೇ ಅಂದ್ಕೊಂಡ್ವೇನೋ."

ಬೆನಿಗ್ನೋ ಸಾರು ಮುಗಿಸಲಿಲ್ಲ. ಪ್ರತಿ ಜನವರಿಯೂ ಗಸ್ತು ಹೋಗುವಾಗ ಆ ತೆರೆದ ಬಾಗಿಲಿನ ಮುಂದೆ ತಾವೂ ಹಾದುಹೋಗಿದ್ದರು. ಒಳಗೆ ಗೋದಲಿ ಕಾಣುತ್ತಿತ್ತು, ಮಗು ಮಲಗಿರುತ್ತಿತ್ತು. ಇವರನ್ನು ಯಾಕೆ ಗೋಳು ಹೊಯ್ದುಕೊಳ್ಳುವುದು ಎಂದು ತಾವೂ ಅಂದುಕೊಂಡಿದ್ದರು. ಆ ಬಾಗಿಲು ಅಷ್ಟು ಅಗಲ ತೆರೆದಿರುತ್ತಿದ್ದದ್ದು ಯಾಕೆ ಎಂದು ಯೋಚಿಸಿರಲಿಲ್ಲ.

ಜನವರಿ ೨೭, ಸೋಮವಾರ. ಲಕೋಟೆಯ ಮರದ ಚೂರನ್ನು ಚರ್ಚಿನ ಪಿಟೀಲು ವಾದಕನಿಗೆ ತೋರಿಸಲಾಯಿತು. "ಇದು ಪಿಟೀಲಿನ ಮೇಲ್ಹಲಗೆ ಮರ. ನಮ್ಮ ಕಡೆ ಬೆಳೆಯಲ್ಲ," ಎಂದು ಅವನು ಹೇಳಿಕೆ ಕೊಟ್ಟ. ಮಧ್ಯಾಹ್ನ ಮ್ಯಾಜಿಸ್ಟ್ರೇಟರಿಂದ ಶೋಧನಾ ಆದೇಶ ಪಡೆಯಲಾಯಿತು.

ಜನವರಿ ೨೮, ಮಂಗಳವಾರ, ಸಂಜೆ ನಾಲ್ಕು ಗಂಟೆ. ಮಾಲು ಗುರುತಿಸಲು ಹಿಲ್ಕಾ, ಪಂಚನಾಗಿ ಕ್ರಿಸ್ಪುಲೋ, ಯಾರೂ ಕರೆಯದಿದ್ದರೂ ದೋನ್ಯಾ ಎರ್ಸೀಲಿಯಾ. ಗಿರಣಿ ಬೀದಿಯ ಕೊನೆ ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಹೊರಗೆ ಒಂದು ಜೊತೆ ಬೂಟು. ಕ್ರಿಸ್ಪುಲೋ ಆಕಾಶ ನೋಡಿದ.

ಒಳಗೆ ದೋನ್ ಒತ್ಮಾರ್ ಕಪ್ಪು ಕೋಟು, ಟೈ, ಬೂದು ಬಣ್ಣದ ಉಣ್ಣೆ ಕಾಲುಚೀಲದಲ್ಲಿ ನೆಟ್ಟಗೆ ಕೂತಿದ್ದರು. ಮೇಜಿನ ಮೇಲೆ ಸಾಲಾಗಿ ಅರವತ್ತು ಲೋಟ, ವೈನಿನ ಬಾಟಲಿಗಳು, ಅಗಲವಾದ ಕೇಕು. ಕೆಲಸದ ಬೆಂಚಿನ ಮೇಲೆ ಹೊಸ ರೇಷ್ಮೆ ಕರವಸ್ತ್ರ ಹಾಸಿ ಹಿಲ್ಕಾ ಅವರ ಬಾಲಯೇಸುವನ್ನು ಮಲಗಿಸಿದ್ದರು. ಪಕ್ಕದಲ್ಲಿ ಮೇಣದಬತ್ತಿ.

"ತಡ ಮಾಡಿದ್ರಿ," ಎಂದರು ಒತ್ಮಾರ್. "ಬುಧವಾರದಿಂದ ಕಾಯ್ತಿದೀನಿ. ಇದು ಮೂರನೇ ಕೇಕು. ಮೊದಲಿನ ಎರಡೂ ಕಲ್ಲಾಗಿಹೋದ್ವು." ಆಮೇಲೆ ಬಾಗಿಲ ಕಡೆ ಕತ್ತು ಚಾಚಿ ನೋಡಿದರು. "ಪಿಟೀಲು ಎಲ್ಲಿ? ಪಟಾಕಿ?"

"ದೋನ್ ಒತ್ಮಾರ್, ಹೋದ ಮಂಗಳವಾರ ಬೆಳಿಗ್ಗೆ ಸೇತುವೆ ಬೀದಿಯ ಏಳನೇ ಮನೆಗೆ ಹೋಗಿದ್ರಾ?" ಎಂದು ಬೆನಿಗ್ನೋ ಕೇಳಿದರು.

"ಹೋಗಿದ್ದೆ."

"ಈ ಮೂರ್ತಿ ತಗೊಂಡ್ರಾ?"

"ಕದ್ದೆ," ಎಂದು ಅವರು ಹೆಮ್ಮೆಯಿಂದ ತಿದ್ದಿದರು.

"ಅವರಿಗೆ ಯಾಕೆ ತಿಳಿಸಲಿಲ್ಲ?"

"ಕಳ್ಳ ತಾನೇ ಹೋಗಿ ಹೇಳ್ತಾನಾ? ಕಳ್ಳನ ಮನೆ ಅವರಿಗೇ ಹೇಗೋ ಗೊತ್ತಾಗುತ್ತೆ, ಬರ್ತಾರೆ. ಪ್ರತಿ ವರ್ಷ ನೋಡಿದೀನಲ್ಲ, ನೇರ ಬಂದುಬಿಡ್ತಾರೆ."

ಚೀಟಿಯ ವಿಷಯವನ್ನು ಹೊವೀತಾ ವಿವರಿಸಿದಳು. ಕೇಳುತ್ತ ಕೇಳುತ್ತ ಮುದುಕರ ಬೆನ್ನು ಬಾಗಿತು. ಹಿಲ್ಕಾ ಕಡೆ ತಿರುಗಿ, "ನನ್ನಿಂದ ತಪ್ಪಾಯ್ತು. ನನಗೆ ಚೀಟಿ ಯಾರೂ ಹಾಕಿದ್ದಿಲ್ಲ," ಎಂದರು.

"ಇಷ್ಟು ಮನೆ ಇರುವಾಗ ನನ್ನ ಮನೇನೇ ಯಾಕೆ?" ಎಂದು ಕೇಳಿದರು ಹಿಲ್ಕಾ.

"ಬೇರೆಯೋರ ಮನೆಗೆ ನುಗ್ಗೋಕೆ ನನಗೇನು ಹಕ್ಕು? ನೀವೂ ಹೊರಗಿಂದ ಬಂದೋರು. ಬೈಯಲ್ಲ ಅಂದ್ಕೊಂಡೆ."

ಹಿಲ್ಕಾಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಸರಿ ಹೋಯ್ತು. ಕದ್ದೋರೂ ಪರದೇಶಿ, ಕಳಕೊಂಡೋಳೂ ಪರದೇಶಿ. ಊರಿಗೆ ಇದರಲ್ಲಿ ಏನೂ ಸಂಬಂಧ ಇಲ್ಲ. ಇನ್ಸ್‌ಪೆಕ್ಟರೇ, ನೀವು ಅವತ್ತು ಹೇಳಿದ್ದು ಸುಳ್ಳಾಯ್ತು. ನಮ್ಮೋರಾದ್ರಿ ಅಂದ್ರಲ್ಲ?"

ಆಗ ಎರ್ಸೀಲಿಯಾ ಮುಂದೆ ಬಂದು, ರವಿಕೆಯೊಳಗಿಂದ ನಾಲ್ಕು ಮಡಿಕೆ ಮಾಡಿದ ಚೀಟಿ ತೆಗೆದು ಹಿಲ್ಕಾ ಕೈಗೆ ತುರುಕಿದರು.

"ಓದಿಕೊಳ್ಳಿ. ಯಾರಿಗೂ ತೋರಿಸಬಾರದು ಅಂತ ಇದೆ, ಹಾಳಾಗಿಹೋಗ್ಲಿ, ಜೋರಾಗೇ ಓದಿ."

ಹಿಲ್ಕಾ ಓದಿದರು:

"ಮಲಗೀ ಮಲಗೀ ಬೆನ್ನು ನೊಂದಿತು, ಎತ್ತಿ ನಿಲ್ಲಿಸೋರ್ ಯಾರೇ?
ಮಗ್ಗದ ಪಕ್ಕ ಜಗಳ ಆಡೋಳ ಮನೆಗೆ ಹುಡುಕ್ಕೊಂಡ್ ಬಾರೇ."

"ಅದೇ ಮಂಗಳವಾರ ಹತ್ತು ಗಂಟೆಗೆ ಶಾಲು ಹೊದ್ಕೊಂಡು ನಿಮ್ಮ ಮನೆಗೆ ಕದಿಯೋಕೆ ಹೋದೆ. ಬಾಗಿಲಿಂದ ಇಣುಕಿದ್ರೆ ತೊಟ್ಟಿಲು ಖಾಲಿ! ಯಾರೋ ನನಗಿಂತ ಮುಂಚೆ ಹೊಡ್ಕೊಂಡು ಹೋಗಿದ್ರು. ಒಂಬತ್ತು ವರ್ಷದಿಂದ ನೀವು ಗೋದಲಿ ಕಟ್ಲಿ ಅಂತ ಕಾಯ್ತಿದ್ದೆ. ಈ ಒತ್ಮಾರ್ ಮೇಲೆ ಕೇಸು ನಾನು ಹಾಕಬೇಕು, ನೀವಲ್ಲ!"

ಹಿಲ್ಕಾ ಚೀಟಿಯನ್ನು ಎದೆಗೆ ಒತ್ತಿಕೊಂಡು ಆ ಮುದುಕಿಯನ್ನು ತಬ್ಬಿಕೊಂಡರು. ಎರ್ಸೀಲಿಯಾ ಬಿಡಿಸಿಕೊಳ್ಳುವ ಹಾಗೆ ನಟಿಸಿ, ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಅಳುತ್ತಿದ್ದರು. ಬೆನಿಗ್ನೋಗೆ ನಾಲ್ಕು ದಿನದ ಭಾರ ಇಳಿದಂತಾಯಿತು.

ಆದರೂ ಎಫ್‌ಐಆರ್ ಎಫ್‌ಐಆರೇ. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಮಾಲು ಜಪ್ತಿಯಾಯಿತು, ಆರೋಪಿಯ ದಸ್ತಗಿರಿಯಾಯಿತು. ಒತ್ಮಾರ್ ತಾವಾಗಿಯೇ ಕೈ ಚಾಚಿದರು, ಬೇಡಿ ಬೇಕಾಗಿಲ್ಲವೆಂದಾಗ ಸ್ವಲ್ಪ ನಿರಾಶೆಯೂ ಪಟ್ಟರು. ಬೂಟು ಹಾಕಿಕೊಂಡು ಹೊವೀತಾಳ ಜೊತೆ ಹೊರಟರು. ಉಳಿದವರೂ ಹಿಂದೆ ಹೋದರು.

ಬೆನಿಗ್ನೋ ಒಬ್ಬರೇ ಒಳಗೆ ನಿಂತರು. ಮೂಲೆಯಲ್ಲಿ ಒತ್ಮಾರರ ಸ್ವಂತ ಗೋದಲಿ ಇತ್ತು. ಪಿಟೀಲಿನ ಮರದಿಂದಲೇ ಕೆತ್ತಿದ ಎತ್ತು, ಕತ್ತೆ, ಕುರುಬರು. ಒಂದು ಚೂರು ಧೂಳಿಲ್ಲ. ತೊಟ್ಟಿಲ ಹುಲ್ಲು ಈ ವರ್ಷದ ಹೊಸ ಹುಲ್ಲು. ಅದರ ಮೇಲೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಮಗು. ಇಪ್ಪತ್ತು ವರ್ಷದ ಸೇವೆಯಲ್ಲಿ ಇನ್ಸ್‌ಪೆಕ್ಟರು ಯಾರ ಮನೆಯಿಂದಲೂ ಒಂದು ಬೆಂಕಿಕಡ್ಡಿ ಎತ್ತಿದವರಲ್ಲ. ಈಗ ಜೇಬಿನಿಂದ ಕರವಸ್ತ್ರ ತೆಗೆದು ಮಗುವನ್ನು ಸುತ್ತಿ ಕೋಟಿನೊಳಗೆ ಇಟ್ಟುಕೊಂಡರು. ತಿರುಗಿದಾಗ ಬಾಗಿಲಲ್ಲಿ ಪಂಚ ಕ್ರಿಸ್ಪುಲೋ ನಿಂತಿದ್ದ.

"ಪಂಚನಾಮೆಗೆ ಸಹಿ ಹಾಕೋದಿತ್ತು," ಎಂದ ಅವನು, ಗೋಡೆ ನೋಡುತ್ತ.

ಠಾಣೆಯಲ್ಲಿ ಜಾಮೀನಿಗೆ ದೂರುದಾರರೇ ಮುಂದೆ ಬಂದರು.

"ಪರದೇಶದೋರ ಜಾಮೀನು ನಡೆಯುತ್ತಾ?" ಎಂದು ಹಿಲ್ಕಾ ಕೇಳಿದರು.

"ವಾಸದ ಪರವಾನಗಿ ಇದ್ರೆ ನಡೆಯುತ್ತೆ."

"ಹಾಗಾದ್ರೆ ನಡತೆ ಪತ್ರ ಈಗಲೇ ಬರೀರಿ. ಶನಿವಾರ ನನ್ನ ಮನೇಲಿ ಶಾಸ್ತ್ರ, ಆರೋಪಿ ಇಲ್ದೆ ನಡೆಯಲ್ಲ. ಆ ಕೇಕೂ ಕಲ್ಲಾಗೋ ಮುಂಚೆ ತರಿಸಿ."

ಬೆನಿಗ್ನೋ ಬರೆದುಕೊಟ್ಟರು. ಆಮೇಲೆ ಕೇಸ್ ಡೈರಿ ತೆರೆದರು. ಅಪರಾಧದ ಉದ್ದೇಶ ಎಂಬ ಜಾಗದಲ್ಲಿ ಲಾಭ, ದ್ವೇಷ ಎರಡನ್ನೂ ಹೊಡೆದುಹಾಕಿ ಹೀಗೆ ಬರೆದರು: "ಆರೋಪಿಯು ಇಪ್ಪತ್ತೆರಡು ವರ್ಷಗಳಿಂದ ತನ್ನ ಮನೆ ಕಳವಾಗಲಿ ಎಂದು ಬಾಗಿಲು ತೆರೆದು ಕಾದಿರುತ್ತಾನೆ. ಊರಿನವರು ಕರುಣೆಯಿಂದ ಕದ್ದಿರುವುದಿಲ್ಲ."

ಆರು ಗಂಟೆಗೆ ಕ್ರಿಸ್ಪುಲೋ ಓಡಿಬಂದವನ ಹಾಗೆ ಏದುಸಿರು ಬಿಡುತ್ತ ಒಳಗೆ ಬಂದ.

"ದೋನ್ ಒತ್ಮಾರ್! ನಿಮ್ಮ ಬಾಗಿಲು ಹಾಕೋಕೆ ಹೋಗಿದ್ದೆ. ಗೋದಲಿಯಲ್ಲಿ ಮಗು ಇಲ್ಲ."

"ಬಿದ್ದಿರ್ಬೇಕು. ಹುಲ್ಲಿನ ಕೆಳಗೆ ನೋಡಿದ್ರಾ?"

"ಎಲ್ಲಾ ಕಡೆ ನೋಡ್ದೆ. ಯಾರೋ ಎತ್ಕೊಂಡು ಹೋಗಿದಾರೆ."

ಒತ್ಮಾರ್ ಕುರ್ಚಿಯಿಂದ ಎದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಹೊವೀತಾ ಟೈಪ್ ಮಾಡುತ್ತಿದ್ದಳು, ಹೆಂಗಸರು ಶಾಲು ಸರಿಮಾಡಿಕೊಳ್ಳುತ್ತಿದ್ದರು, ಇನ್ಸ್‌ಪೆಕ್ಟರು ಕೋಟಿನ ಗುಂಡಿ ಹಾಕಿಕೊಂಡು ಡೈರಿಯ ಮೇಲೆ ಬಗ್ಗಿದ್ದರು. ಆಮೇಲೆ ಮುದುಕರು ಬಾಗಿಲ ಕಡೆ ತಿರುಗಿದರು.

"ನಾನು... ನಾನು ಹೋಗಬಹುದಾ?"

"ಜಾಮೀನಾಗಿದೆ. ಹೋಗಿ."

ಟೊಪ್ಪಿ ಮರೆತು ಹೊರಟೇಬಿಟ್ಟರು. ಬೆನಿಗ್ನೋ ಕಿಟಕಿಯಿಂದ ನೋಡುತ್ತ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಯಾರನ್ನೂ ತಾವಾಗಿ ಮಾತಾಡಿಸದ ಮನುಷ್ಯ ಚೌಕದ ನಡುವೆ ಔಷಧಿ ಅಂಗಡಿಯವನನ್ನು ತಡೆದು ನಿಲ್ಲಿಸಿದರು, ಬ್ರೆಡ್ಡಿನ ಬುಟ್ಟಿ ಹೊತ್ತವಳನ್ನು ನಿಲ್ಲಿಸಿದರು, ಬಸ್ಸಿಗೆ ಕಾಯುತ್ತಿದ್ದ ಅಪರಿಚಿತರನ್ನೂ ಬಿಡಲಿಲ್ಲ. ಅವರ ದನಿ ಠಾಣೆಯವರೆಗೂ ಕೇಳಿಸುತ್ತಿತ್ತು.

"ಕೇಳಿದ್ರಾ? ನಮ್ಮ ಮನೆ ಕಳವಾಯ್ತು! ನಮ್ಮನೇಲೂ ಕದ್ದುಬಿಟ್ರು!"